ಮಂತ್ರಿಯ ತಾತ

ಬೇಸಿಗೆ ರಜೆ ಮುಗಿದು ಶಾಲೆ ತೆರೆದಿತ್ತು. ಮಳೆ ಬರುತ್ತೇನೆಂದು ಆಸೆ ತೋರಿಸಿ ಆಚೆ ದಿಕ್ಕಿಗೆ ಹೋಗಿಬಿಡುತ್ತಿದ್ದ ದಿನಗಳು. ಸಂಜೆಯಾದರೂ ಬಿಸಿಲು ಓಣಿಯ ತಗಡಿನ ಮಾಡುಗಳಿಂದ ಇಳಿದಿರಲಿಲ್ಲ. ಮುದುಕ ಹೊಸ್ತಿಲ ಮೇಲೆ ಕೂತು ಕಾಲ್ಬೆರಳ ಸಂದಿಗೆ ಎಣ್ಣೆ ಹಚ್ಚುತ್ತಿದ್ದ. ಹುಡುಗನಾಗಿದ್ದಾಗಿನಿಂದ ಚರಂಡಿಯ ನೀರಿನಲ್ಲಿ ನಿಂತ ಕಾಲು. ಸಂದಿಗಳೆಲ್ಲ ಬೆಳ್ಳಗೆ ಕೊಳೆತು ಬಿರಿದಿದ್ದವು. ಎಣ್ಣೆ ಹಚ್ಚಿದರೆ ವಾಸಿಯಾಗುತ್ತದೆಂದು ಅವನೇನೂ ನಂಬಿರಲಿಲ್ಲ. ಕೂತಲ್ಲಿ ಕೈಗೆ ಕೆಲಸ ಬೇಕಲ್ಲ ಎಂದು ಹಚ್ಚುತ್ತಿದ್ದ.

ಆಗ ಮೊಮ್ಮಗಳು ಶಾಲೆಯಿಂದ ಬಂದಳು. ಎದೆಯ ಮೇಲೆ ಪಿನ್ನು ಚುಚ್ಚಿದ ತಗಡಿನ ಬಿಲ್ಲೆಯೊಂದು ಹೊಳೆಯುತ್ತಿತ್ತು.

ಓಣಿಯವರು ಅವಳನ್ನು ಕರೆಯುತ್ತಿದ್ದುದು ಕಡ್ಡಿ ಎಂದು. ಮೈಯೂ ಹಾಗೇ, ಮಾತೂ ಕಡ್ಡಿ ಮುರಿದ ಹಾಗೇ. ಏಳನೇ ತರಗತಿ. ಮುದುಕನ ಕುಲದಲ್ಲಿ ಓದಿನ ದಾರಿಯಲ್ಲಿ ಅಷ್ಟು ದೂರ ನಡೆದವರು ಯಾರೂ ಇರಲಿಲ್ಲ. ಅವಳ ಅಮ್ಮ, ಮುದುಕನ ಮಗಳು, ಐದಕ್ಕೇ ಬಿಟ್ಟು ಬಟ್ಟೆ ಒಗೆಯುವ ಕಾರ್ಖಾನೆ ಸೇರಿದ್ದಳು. ಹತ್ತರವರೆಗೆ ಓದಿಸಬೇಕು, ಇವಳನ್ನು ನೀರಿಗೆ ಇಳಿಸಬಾರದು ಎಂಬುದೊಂದೇ ಆ ಮನೆಯ ಹಟ.

"ಏನೇ ಅದು?"

"ಬಿಲ್ಲೆ."

"ಬಿಲ್ಲೆ ಅಂತ ನಂಗೂ ಕಾಣತ್ತೆ. ಏನ್ ಬರೆದಿದೆ ಅದರ ಮೇಲೆ?"

"ನಿಂಗೆ ಓದೋಕೆ ಬರತ್ತಲ್ಲ ತಾತ. ಓದು."

ಓದಲು ಬರುತ್ತದೆ ಎಂಬುದು ಮುದುಕ ತಾನೇ ಓಣಿ ತುಂಬ ಹಬ್ಬಿಸಿದ್ದ ಸುದ್ದಿ. ನಿಜ ಬೇರೆಯಿತ್ತು. ಕಾಗುಣಿತ ಮುಗಿದು ಇನ್ನೇನು ಒತ್ತಕ್ಷರ ಶುರುವಾಗಬೇಕು, ಅಷ್ಟರಲ್ಲಿ ಅವನ ಅಪ್ಪ ಶಾಲೆಗೆ ಬಂದು ಕೈಹಿಡಿದು ಚರಂಡಿಗೆ ಕರೆದೊಯ್ದಿದ್ದ. ಹಾಗಾಗಿ ಅವನಿಗೆ ಗೊತ್ತಿದ್ದ ಅಕ್ಷರಗಳೆಲ್ಲ ಒಂಟಿ ಅಕ್ಷರಗಳು. ಕಾಲಬುಡದಲ್ಲಿ ಇನ್ನೊಂದು ಅಕ್ಷರ ಜೋತುಬಿದ್ದದ್ದು ಕಂಡರೆ, ದಾರಿಯಲ್ಲಿ ಕೊಚ್ಚೆ ಕಂಡವನ ಹಾಗೆ ಹಾರಿ ಮುಂದೆ ಹೋಗುತ್ತಿದ್ದ.

ಬಿಲ್ಲೆಯ ಮೇಲೆ ಎರಡು ಪದಗಳಿದ್ದವು. ಮೊದಲನೆಯದರಲ್ಲಿ ಸಾಲಾಗಿ ಒತ್ತುಗಳು. ಮುದುಕ ಹಾರಿದ. ಎರಡನೆಯದರಲ್ಲೂ ಒಂದು ಒತ್ತು ಇತ್ತು, ಆದರೆ ಆ ಪದವನ್ನು ಅವನು ಓದಬೇಕಾಗಿರಲಿಲ್ಲ. ಚುನಾವಣೆ ಬಂದಾಗಲೆಲ್ಲ ಎದುರಿನ ಗೋಡೆ ತುಂಬ ಅದನ್ನೇ ಬರೆಯುತ್ತಿದ್ದರು. ಮುಖ ಕಂಡೊಡನೆ ಗುರುತು ಸಿಕ್ಕಿತು.

"ಮಂತ್ರಿ!" ಎಂದ ಮುದುಕ. ಎಣ್ಣೆಯ ಬಟ್ಟಲು ಮಗುಚಿತು. ಒಳಗಿದ್ದ ಹೆಂಡತಿಯನ್ನು ಕೂಗಿದ. "ಎಲ್ಲಿದ್ದೀಯೇ ಇವಳೇ, ಆಚೆ ಬಾ! ನಮ್ಮ ಕಡ್ಡಿ ಮಂತ್ರಿ ಆಗಿದಾಳೆ!"

"ಮೊದಲನೇ ಪದಾನೂ ಓದು ತಾತ."

"ಅದ್ಯಾವುದೋ ಖಾತೆ ಇರತ್ತೆ ಬಿಡು. ಖಾತೆ ಯಾವುದಾದ್ರೇನು, ಮಂತ್ರಿ ಮಂತ್ರಿನೇ."

ಕಡ್ಡಿ ತಾತನ ಮುಖವನ್ನೇ ಸ್ವಲ್ಪ ಹೊತ್ತು ನೋಡಿದಳು. ಏನೋ ಹೇಳಲು ಬಾಯಿ ತೆರೆದಳು. ಮುದುಕ ಅಷ್ಟರಲ್ಲಿ ಅಂಗಿ ಹುಡುಕಲು ಒಳಗೆ ಹೋಗಿದ್ದ. ಓಣಿಗೆ ಸುದ್ದಿ ಮುಟ್ಟಿಸುವುದಿತ್ತು.

ಅವತ್ತಿನಿಂದ ಮುದುಕನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಚಹಾದಂಗಡಿಯಲ್ಲಿ ನಿಂತು ಕುಡಿಯುತ್ತಿದ್ದವನು ಬೆಂಚಿನ ಮೇಲೆ ಕೂತ. ಮಾತಿಗೆ ಮೊದಲು ಕೆಮ್ಮುವುದನ್ನು ಕಲಿತ. ಇಸ್ತ್ರಿ ಮಾಡುವ ಹೆಂಗಸು, ಓಣಿಗೆಲ್ಲ ಅವಳು ಇಸ್ತ್ರಿ ಅಕ್ಕ, ಕೆಂಡಕ್ಕೆ ಗಾಳಿ ಹಾಕುತ್ತ ಕೂಗಿದಳು.

"ಮಂತ್ರಿಗಳ ತಾತನೋರೇ, ನಮ್ಮ ನಲ್ಲಿಗೆ ಸ್ವಲ್ಪ ನೀರು ಬಿಡಿಸಿ!"

"ಅರ್ಜಿ ಕೊಡಮ್ಮ. ಪರಿಶೀಲಿಸೋಣ."

"ನಮ್ಮ ಹುಡುಗನೂ ಮಂತ್ರಿನೇ ಅಂತೆ ಕಣಯ್ಯಾ. ಆ ಕೊನೆಮನೆಯ ಇಬ್ಬರು ಹುಡುಗೀರೂ ಮಂತ್ರಿಗಳೇ ಅಂತೆ."

ಇದನ್ನು ಕೇಳಿ ಮುದುಕನಿಗೆ ಎದೆಯುಬ್ಬಿತು. ಇಡೀ ಶಾಲೆಯ ಮಂತ್ರಿಮಂಡಲದಲ್ಲಿ ಈ ಓಣಿಯ ಮಕ್ಕಳೇ ತುಂಬಿಹೋಗಿದ್ದಾರೆ! ಕಾಲ ಬದಲಾಯಿತು ಎಂದುಕೊಂಡ. ಬುದ್ಧಿಯಿರುವ ಯಾವನಾದರೂ ಅಲ್ಲೇ ನಿಂತು, ಯಾಕಪ್ಪಾ ನಮ್ಮ ಓಣಿಯ ಮೇಲೇ ಇಷ್ಟು ಪ್ರೀತಿ ಎಂದು ಕೇಳುತ್ತಿದ್ದ. ಮುದುಕ ಕೇಳಲಿಲ್ಲ. ಇನ್ನೊಂದು ಚಹಾ ಹೇಳಿದ.

ಕೆಲವು ದಿನ ಕಳೆದ ಮೇಲೆ ಮನೆಯಲ್ಲಿ ವಾಸನೆ ಶುರುವಾಯಿತು. ಆಸಿಡ್ಡಿನ ವಾಸನೆ, ಅದರ ಹಿಂದೆಯೇ ಇನ್ನೊಂದು. ಕಡ್ಡಿ ಪಕ್ಕದಲ್ಲಿ ಊಟಕ್ಕೆ ಕೂತಾಗ ಜಾಸ್ತಿ. ಆ ವಾಸನೆಯೊಳಗೇ ಬಾಳಿದ್ದ ಮುದುಕ, ಅದು ತನ್ನದೇ ಎಂದುಕೊಂಡ. ಮಂತ್ರಿಯಾದ ಮಗುವಿನ ಪಕ್ಕ ಹೀಗೆ ನಾರುತ್ತ ಕೂರುವುದೇ ಎಂದು ನಾಚಿ, ದಿನಕ್ಕೆ ಎರಡು ಸಲ ಸ್ನಾನ ಮಾಡತೊಡಗಿದ. ಸೋಪು ಕರಗಿತು, ವಾಸನೆ ಹೋಗಲಿಲ್ಲ.

"ಏನಯ್ಯಾ, ಮದುವೆ ಗಿದುವೆ ಆಗ್ತೀಯಾ?" ಎಂದಳು ಅಜ್ಜಿ.

"ನಮ್ಮ ದರ್ಜೆ ಏರಿದೆ ಕಣೇ. ಸ್ವಲ್ಪ ಶುದ್ಧವಾಗಿರಬೇಕು."

ಕಡ್ಡಿ ತಟ್ಟೆ ನೋಡುತ್ತ ಉಣ್ಣುತ್ತಿದ್ದಳು. ಅವಳ ಬೆರಳ ತುದಿಯ ಚರ್ಮ ಸುಲಿದಿತ್ತು. ಅಜ್ಜಿ ಕೇಳಿದ್ದಕ್ಕೆ ಸೀಮೆಸುಣ್ಣ ಆಗಿಬರಲ್ಲ ಎಂದಳು. ಕಿರುಪರೀಕ್ಷೆಯ ಲೆಕ್ಕದ ಕಾಗದ ಬಂತು, ಪೂರ್ತಿ ಕೆಂಪು. ಭಿನ್ನರಾಶಿ ಒಂದೂ ಬಂದಿರಲಿಲ್ಲ.

"ಆ ಪಾಠ ಮಾಡುವಾಗ ನಾನಿರಲ್ಲ. ಮೊದಲನೇ ಪಿರಿಯಡ್ಡಿಗೆ ಮಂತ್ರಿಗಳ ಕೆಲಸ ಇರತ್ತೆ," ಎಂದಳು.

ಅವಳ ಅಮ್ಮನ ಮುಖ ಸಣ್ಣಗಾಯಿತು. ಮುದುಕ ಸಮಾಧಾನ ಹೇಳಿದ. "ಮಂತ್ರಿಗಳಿಗೆ ಯಾಕಮ್ಮ ಲೆಕ್ಕ? ನಾನು ಕಂಡ ಯಾವ ಮಂತ್ರಿಗೂ ಲೆಕ್ಕ ಬಂದಹಾಗೆ ಕಾಣೆ."

ಇಷ್ಟಾದರೂ ಸಾಕಿತ್ತು. ಮುದುಕನ ಮೂರ್ಖತನಕ್ಕೆ ಅಷ್ಟು ಸಾಲಲಿಲ್ಲ. ಒಂದು ಸಂಜೆ ಕಡ್ಡಿ ಅವನ ಪಕ್ಕದಲ್ಲಿ ಬಂದು ಕೂತಳು.

"ತಾತ, ಬೇಸಿನ್ನಿನಲ್ಲಿ ಹಳದಿ ಕರೆ ಗಟ್ಟಿಯಾಗಿ ಕೂತಿದ್ರೆ ಹೇಗೆ ತೆಗೀತೀಯಾ?"

ಮುದುಕನ ಕೆಲಸದ ಬಗ್ಗೆ ಮನೆಯಲ್ಲಿ ಯಾರೂ ಯಾವತ್ತೂ ಒಂದು ಮಾತು ಕೇಳಿರಲಿಲ್ಲ. ಮಂತ್ರಿಯಾದವಳು ಕೇಳುತ್ತಿದ್ದಾಳೆ! ಎದ್ದು ನಿಂತು, ಪೊರಕೆ ಹಿಡಿದು, ಮಾಡಿ ತೋರಿಸಿದ. ಆಸಿಡ್ ಹಾಕಿದ ತಕ್ಷಣ ಉಜ್ಜಬಾರದು, ಕಚ್ಚಿಕೊಳ್ಳಲು ಬಿಡಬೇಕು. ಮುಖ ಪಕ್ಕಕ್ಕೆ ತಿರುಗಿಸಿ ಉಸಿರು ಕಟ್ಟಬೇಕು. ಕೆಳಗಿನಿಂದ ಮೇಲಕ್ಕೆ ಉಜ್ಜಬೇಕು, ಇಲ್ಲದಿದ್ದರೆ ಕಣ್ಣಿಗೆ ಹಾರುತ್ತದೆ.

"ಕೆಳಗಿನಿಂದ ಮೇಲಕ್ಕೆ," ಎಂದು ಕಡ್ಡಿ ಪಾಠದ ಹಾಗೆ ಹೇಳಿಕೊಂಡಳು.

"ಜಾಣೆ!" ಎಂದ ಮುದುಕ.

ಮಳೆ ಬಂತು. ಬಂದದ್ದು ಸುಮ್ಮನೆ ಬರಲಿಲ್ಲ, ಊರಿನ ಹೊಲಸನ್ನೆಲ್ಲ ಎಬ್ಬಿಸಿತು. ಶಾಲೆಯ ಹಿಂದಿನ ಒಳಚರಂಡಿಯ ಚೇಂಬರು ಕಟ್ಟಿಕೊಂಡು ಮೇಲಕ್ಕೆ ಉಕ್ಕಿದೆ ಎಂದು ಕಂಟ್ರಾಕ್ಟರ್ ಮುದುಕನನ್ನೂ ಅವನ ಜೊತೆಗಾರನನ್ನೂ ಕಳಿಸಿದ. ಜೊತೆಗಾರನ ಹೆಸರೇ ರೇಡಿಯೋ. ಬಾಯಿ ಆಫ್ ಆಗುತ್ತಿರಲಿಲ್ಲ.

ಮುದುಕ ಒಗೆದ ಅಂಗಿ ಹಾಕಿಕೊಂಡು ಹೊರಟ.

"ಚೇಂಬರಿಗೆ ಇಳಿಯೋಕೆ ಇದೇನು ಪೋಷಾಕು?" ಎಂದ ರೇಡಿಯೋ.

"ನಮ್ಮ ಮಂತ್ರಿ ಇರೋ ಜಾಗ ಕಣೋ ಅದು."

ಒಗೆದ ಅಂಗಿಯನ್ನು ಬೇಲಿಗೆ ನೇತುಹಾಕಿ, ಚಡ್ಡಿಯಲ್ಲಿ ಗುಂಡಿಗೆ ಇಳಿದ. ರೇಡಿಯೋ ಮೇಲೆ ಮುಚ್ಚಳದ ಹತ್ತಿರ ಕೂತ. ಅದು ಅವರ ಕಸುಬಿನ ಕಟ್ಟು. ಒಬ್ಬ ಇಳಿದರೆ ಇನ್ನೊಬ್ಬ ಮುಚ್ಚಳ ಕಾಯಬೇಕು. ಇಳಿದವನು ಹತ್ತುವವರೆಗೆ ಏಳಬಾರದು, ಯಾರು ಕರೆದರೂ, ಯಾರು ಬೈದರೂ.

ಸೊಂಟದವರೆಗೆ ಹೊಲಸು. ಮುದುಕ ಶೌಚಾಲಯದ ಕಡೆಯಿಂದ ಬರುವ ಪೈಪಿನ ಬಾಯಿಗೆ ಬಗ್ಗಿ, ಬಿದಿರ ದಬ್ಬೆ ತೂರಿಸಿ ತಿವಿದ. ತೋಳಿನವರೆಗೆ ಕೈ ಹಾಕಿ ಕೂದಲು, ಚಿಂದಿ, ಗಟ್ಟಿ ಕಟ್ಟಿದ್ದನ್ನೆಲ್ಲ ಎಳೆದ. ಪೈಪು ಗಳಕ್ಕೆಂದು ಬಿಟ್ಟುಕೊಂಡಿತು. ಅದೇ ಹೊತ್ತಿಗೆ ಆ ತುದಿಯಲ್ಲಿ ಯಾರೋ ಬಕೆಟ್ಟು ಸುರಿದರು. ಆಸಿಡ್ ಬೆರೆತ ನೀರು ಭರ್ರನೆ ಬಂದು ಅವನ ಎದೆಗೂ ಬಾಯಿಗೂ ಬಡಿಯಿತು.

"ಯಾವ ಕುರುಡು ಮುಂಡೇದೋ ಅದು! ಕೆಳಗೆ ಮನುಷ್ಯ ಇರೋದು ಕಾಣಲ್ವೇನೋ!" ಎಂದು ಪೈಪಿನೊಳಗೇ ಬಾಯಿಟ್ಟು ಅರಚಿದ.

ಮೇಲೆ ಬಕೆಟ್ಟಿನ ಸದ್ದು ನಿಂತಿತು. ಆಮೇಲೆ ಆ ಪೈಪಿನೊಳಗಿಂದ, ಬಾವಿಯಿಂದ ಬಂದ ಹಾಗೆ ಒಂದು ದನಿ ಬಂತು.

"ತಾತ?"

ಮುದುಕ ಹೇಗೆ ಮೇಲೆ ಹತ್ತಿದನೋ ಅವನಿಗೇ ಗೊತ್ತಿಲ್ಲ. ಹೊಲಸು ಸುರಿಯುವ ಮೈಯಲ್ಲೇ ಗೋಡೆ ಸುತ್ತಿ ಹೋಗಿ ಶೌಚಾಲಯದ ಬಾಗಿಲಲ್ಲಿ ನಿಂತ. ಕಡ್ಡಿ ಮೊಣಕಾಲೂರಿ ಕೂತಿದ್ದಳು. ಮೂಗಿಗೆ ಕರವಸ್ತ್ರ, ಕೈಯಲ್ಲಿ ಬ್ರಷ್ಷು, ಪಕ್ಕದಲ್ಲಿ ಆಸಿಡ್ಡಿನ ಬಾಟಲಿ. ಇಸ್ತ್ರಿ ಅಕ್ಕನ ಮಗ ನೀರು ಹೊರುತ್ತಿದ್ದ. ಕೊನೆಮನೆಯ ಹುಡುಗಿಯರು ಮೂಲೆ ಗುಡಿಸುತ್ತಿದ್ದರು. ಇಡೀ ಮಂತ್ರಿಮಂಡಲ ಅಲ್ಲಿ ನೆರೆದಿತ್ತು. ಗೋಡೆಯಾಚೆ ತರಗತಿಯಲ್ಲಿ ಟೀಚರ್ ಕೇಳುತ್ತಿದ್ದರು: "ಅರ್ಧಕ್ಕೆ ಕಾಲು ಸೇರಿಸಿದರೆ?" ಉಳಿದ ಮಕ್ಕಳು ಒಟ್ಟಾಗಿ ಕೂಗುತ್ತಿದ್ದರು: "ಮುಕ್ಕಾಲು!"

ಕಡ್ಡಿ ಉಜ್ಜಿದ್ದ ಬೇಸಿನ್ನು ಬೆಳ್ಳಗೆ ಹೊಳೆಯುತ್ತಿತ್ತು. ಕೆಳಗಿನಿಂದ ಮೇಲಕ್ಕೆ ಉಜ್ಜಿದ ಗೆರೆಗಳು ಇನ್ನೂ ಒದ್ದೆಯಾಗಿದ್ದವು.

"ಯಾವ ಖಾತೆನೇ ನಿಂದು?" ಎಂದು ಕೇಳಿದ ಮುದುಕ.

"ಸ್ವಚ್ಛತಾ."

"ಯಾಕೇ ಹೇಳಲಿಲ್ಲ?"

"ನೀನು ಬೆಂಚಿನ ಮೇಲೆ ಕೂತು ಚಹಾ ಕುಡೀತಿದ್ದೆ ತಾತ."

ಮುದುಕನಿಗೆ ಸಿಟ್ಟು ಬಂತು. ಹೆಡ್ ಮೇಷ್ಟ್ರ ಕೋಣೆಯ ಕಡೆ ದಾಪುಗಾಲು ಹಾಕಿದ. ಬಾಯಲ್ಲಿ ಬೈಗುಳ ಸಾಲುಗಟ್ಟಿ ನಿಂತಿತ್ತು. ವರಾಂಡದ ಮೆಟ್ಟಿಲಿಗೆ ಕಾಲಿಡುವಾಗ ಜವಾನ ಕೈ ಅಡ್ಡ ಹಿಡಿದ.

"ಅಲ್ಲೇ ನಿಂತ್ಕೋ. ಈಗಷ್ಟೇ ನೆಲ ಒರೆಸಿದಾರೆ."

ಯಾರು ಒರೆಸಿದರೆಂದು ಕೇಳಬಹುದಿತ್ತು. ಮುದುಕ ನಿಂತ. ಹೆಡ್ ಮೇಷ್ಟ್ರು ಮೂಗಿಗೆ ಕರವಸ್ತ್ರ ಒತ್ತಿಕೊಂಡು ಹೊರಗೆ ಬಂದರು.

"ಏನಪ್ಪಾ, ಕೆಲಸ ಆಯ್ತಾ?"

"ಆಯ್ತು ಸಾರ್."

"ನೀರು ಸರಾಗ ಹೋಗ್ತಿದೆಯಾ?"

"ಹೋಗ್ತಿದೆ ಸಾರ್."

"ಒಳ್ಳೇದು."

ಮುದುಕನ ಎರಡೂ ಕೈ ತಾವಾಗಿಯೇ ಎದ್ದು ಜೋಡಿಸಿಕೊಂಡವು. ನಮಸ್ಕಾರ ಹಾಕಿ ಬಂದ. ಹುಲಿಯಾಗಿ ಹೋದವನು ಬೆಕ್ಕಾಗಿ ವಾಪಸಾದ.

ಆ ಸಂಜೆ ಅಜ್ಜಿ ಎಲ್ಲವನ್ನೂ ಕೇಳಿಸಿಕೊಂಡಳು.

"ನಮಸ್ಕಾರ ಹಾಕಿದ್ಯಾ?"

"ಕೈ ತಾವೇ ಎದ್ದವು ಕಣೇ."

"ಕೈ ಏಳ್ತವೆ. ಚಹಾದಂಗಡೀಲಿ ಬಾಯಿ ಏಳತ್ತೆ. ಮೇಷ್ಟ್ರ ಮುಂದೆ ಬಾಯಿಗೆ ಏನು ಬಡಿದಿತ್ತು? ಬ್ರಷ್ಷು ಹಿಡಿಯೋದು ಬೇರೆ ಕಲಿಸಿಕೊಟ್ಟಿದೀಯ, ಮಹಾನುಭಾವ!"

ಕಾರ್ಖಾನೆಯಿಂದ ಬಂದ ಕಡ್ಡಿಯ ಅಮ್ಮ ಬೈಯಲಿಲ್ಲ. ಕಡ್ಡಿಯ ಕೈಯನ್ನು ತನ್ನ ಕೈಯಲ್ಲಿ ಬಿಡಿಸಿಟ್ಟುಕೊಂಡು ನೋಡಿದಳು. ಸೋಡಾದಲ್ಲಿ ಬೆಂದ ತಾಯಿಯ ಬೆರಳು, ಆಸಿಡ್ಡಿನಲ್ಲಿ ಬೆಂದ ಮಗಳ ಬೆರಳು. ಯಾವುದು ಯಾರದೆಂದು ಹೇಳುವುದು ಕಷ್ಟವಿತ್ತು.

"ನಾಳೆಯಿಂದ ಹೋಗಬೇಡ," ಎಂದಳು.

"ಹೋಗ್ತೀನಿ ಅಮ್ಮ. ಹೋಗದಿದ್ರೆ ಲೆಕ್ಕ ಪೂರ್ತಿ ಹೋಗತ್ತೆ. ಆಮೇಲೆ ನಿನ್ನ ಜೊತೆ ಕಾರ್ಖಾನೆಗೇ ಬರಬೇಕು."

ಅಮ್ಮ ಎಣ್ಣೆ ತಂದು ಮಗಳ ಬೆರಳಿಗೆ ಹಚ್ಚಿದಳು.

ಮಾರನೇ ದಿನ ಶುಕ್ರವಾರ. ಮುದುಕ ಕೆಲಸಕ್ಕೆ ಹೋಗಲಿಲ್ಲ. ಪ್ರಾರ್ಥನೆ ಮುಗಿಯುವ ಮೊದಲೇ ಏಳನೇ ತರಗತಿಯ ಬಾಗಿಲಿಗೆ ಹೋಗಿ, ಹೊಸ್ತಿಲಿಗೆ ಅಡ್ಡವಾಗಿ ಕೂತ. ಮಕ್ಕಳು ಅವನನ್ನು ದಾಟಿ ಒಳಗೆ ಹೋದವು. ಲೆಕ್ಕದ ಟೀಚರ್, ಎಳೆ ವಯಸ್ಸಿನ ಹೆಣ್ಣುಮಗಳು, ಬಂದು ತಬ್ಬಿಬ್ಬಾದರು.

"ಏನಜ್ಜಾ ಇಲ್ಲಿ?"

"ನಿಮ್ಮ ಪಾಠ ಕೇಳೋಕೆ ಬಂದೆ ತಾಯಿ. ಒತ್ತಕ್ಷರ ಕಲಿಯೋದು ಬಾಕಿ ಉಳಿದಿತ್ತು."

"ಇದು ಲೆಕ್ಕದ ಕ್ಲಾಸು."

"ಅದೂ ಬಾಕಿನೇ ಇದೆ. ಮಾಡಿ."

ಟೀಚರ್ ಸೀಮೆಸುಣ್ಣ ಎತ್ತಿಕೊಂಡರು. ಸ್ವಚ್ಛತಾ ಮಂತ್ರಿಗಳನ್ನು ಕರೆಯಲು ಬಂದ ಜವಾನನಿಗೆ ಮುದುಕ ಜಾಗ ಬಿಡಲಿಲ್ಲ. ಜವಾನ ಹೋಗಿ ಹೆಡ್ ಮೇಷ್ಟ್ರನ್ನು ಕರೆತಂದ.

"ಏನಿದು ರಂಪ? ಏಳು ಮೇಲೆ."

ಮುದುಕನ ಕೈಗಳು ಜೋಡಿಸಿಕೊಳ್ಳಲು ಹೊರಟವು. ಅವುಗಳನ್ನು ತೊಡೆಯ ಕೆಳಗೆ ಹಾಕಿ ಅವುಗಳ ಮೇಲೆ ಕೂತ.

"ಏಳಲ್ಲ ಸಾರ್. ನಮ್ಮ ಕಸುಬಿನಲ್ಲಿ ಒಳಗಿದ್ದವರು ಕೆಲಸ ಮುಗಿಸೋವರೆಗೆ ಹೊರಗಿನವನು ಏಳಬಾರದು."

"ನೋಡಪ್ಪಾ, ನಿಂಗೆ ಅರ್ಥ ಆಗಲ್ಲ. ಇದು ಶಿಕ್ಷೆ ಅಲ್ಲ. ಮಕ್ಕಳಿಗೆ ದುಡಿಮೆಯ ಗೌರವ ಕಲಿಸ್ತಾ ಇದೀವಿ."

"ಗೌರವಾನ ನಿನ್ನೆ ಕಂಡೆ ಸಾರ್. ಮೆಟ್ಟಿಲು ಹತ್ತೋಕೆ ಬಿಡಲಿಲ್ಲ." ಮುದುಕ ಗಲ್ಲದಿಂದಲೇ ಮುಂದಿನ ಬೆಂಚು ತೋರಿಸಿದ. "ನಿಮ್ಮ ಮಗಳು ಆ ಮೊದಲನೇ ಬೆಂಚಿನಲ್ಲಿದಾಳೆ. ಅವಳದ್ಯಾವ ಖಾತೆ?"

"ವಾಚನಾಲಯ. ಅದಕ್ಕೂ ಇದಕ್ಕೂ ಏನು?"

"ಒಂದು ವಾರ ಖಾತೆ ಬದಲಾಯಿಸಿ ಸಾರ್. ದೊಡ್ಡ ಮಂತ್ರಿಗಳೆಲ್ಲ ಮಾಡ್ಕೊಳ್ತಾರಲ್ಲ. ನಮ್ಮ ಕಡ್ಡಿ ಪುಸ್ತಕ ನೋಡ್ಕೊಳ್ಳಲಿ, ನಿಮ್ಮ ಮಗಳು ಕಕ್ಕಸು ನೋಡ್ಕೊಳ್ಳಲಿ."

ಹೆಡ್ ಮೇಷ್ಟ್ರ ಮುಖ ಕೆಂಪಾಯಿತು. ಹೊಟ್ಟೆಯೊಳಗಿನದು ಬಾಯಿಗೆ ಬಂತು. "ಅವಳಿಗೆ ಕಾಯಿಲೆ ಬರತ್ತೆ! ನಿಮ್ಮವರಿಗಾದ್ರೆ ಅಭ್ಯಾಸ ಇರತ್ತೆ."

ಟೀಚರ್ ಹಲಗೆಯ ಕಡೆ ತಿರುಗಿಕೊಂಡರು.

"ಅಭ್ಯಾಸ ನಂಗಿದೆ ಸಾರ್. ನಂಗೆ ಅದೊಂದೇ ಇರೋದು," ಎಂದ ಮುದುಕ. "ಅವಳಿಗೆ ಬೇರೆ ಏನಾದ್ರೂ ಅಭ್ಯಾಸ ಆಗಲಿ."

ಅಂದು ಅವನು ಏಳಲಿಲ್ಲ. ಶನಿವಾರವೂ ಬಂದು ಕೂತ. ಅಂದೇ ಕಂಟ್ರಾಕ್ಟರ್ ಹೇಳಿಕಳಿಸಿದ, ಇನ್ನು ಕೆಲಸಕ್ಕೆ ಬರುವುದು ಬೇಡ ಎಂದು. ಸುದ್ದಿ ತಂದ ರೇಡಿಯೋ ಅದನ್ನು ಹೇಳಿ ಸುಮ್ಮನಾದ. ಅವನು ಸುಮ್ಮನಾದದ್ದನ್ನು ಮುದುಕ ಅದೇ ಮೊದಲು ನೋಡಿದ್ದು.

ಓಣಿಯಲ್ಲೂ ಯಾರೂ ಜೈಕಾರ ಹಾಕಲಿಲ್ಲ. ಇಸ್ತ್ರಿ ಅಕ್ಕ ದಾರಿಗೆ ಅಡ್ಡ ನಿಂತು ಜಾಡಿಸಿದಳು.

"ನಿನ್ನ ಮೊಮ್ಮಗಳದ್ದು ನೀನು ನೋಡ್ಕೋ. ನಮ್ಮ ಹುಡುಗನ್ನೂ ಶಾಲೆಯಿಂದ ಹೊರಗೆ ಹಾಕ್ತಾರಂತೆ. ಒಂದಷ್ಟು ಬಕೆಟ್ಟು ನೀರು ಹೊತ್ರೆ ಅವನೇನು ಕರಗಿ ಹೋಗ್ತಿದ್ನಾ?"

"ಅವನಿಗೆ ಲೆಕ್ಕ ಬರತ್ತೇನಮ್ಮ?"

"ಲೆಕ್ಕ ಬಂದು ಏನಾಗಬೇಕು?"

"ನಂಗೂ ಹಾಗೇ ಅನಿಸಿತ್ತು," ಎಂದು ಮುದುಕ ಮನೆಯ ದಾರಿ ಹಿಡಿದ. ಅವಳ ಸಿಟ್ಟು ತಪ್ಪೆಂದು ಅವನಿಗೆ ಅನಿಸಲಿಲ್ಲ. ಬೆಂಚಿನ ಮೇಲೆ ಕೂತು ಅವಳ ಮಗನನ್ನೂ ಮಂತ್ರಿಯೆಂದು ಮೆರೆಸಿದವನು ತಾನೇ.

ಸೋಮವಾರ ಕೂತ. ಶೌಚಾಲಯಕ್ಕೆ ಬೀಗ ಬಿತ್ತು. ಮಂಗಳವಾರ ಕೂತ. ಎಲ್ಲ ತರಗತಿಯ ಮಕ್ಕಳೂ ಬೇಲಿಯ ಕಡೆ ಓಡತೊಡಗಿದವು, ಹುಡುಗಿಯರು ನೀರು ಕುಡಿಯುವುದನ್ನೇ ಬಿಟ್ಟರು. ತಂದೆತಾಯಿಗಳು ಗೇಟಿನಲ್ಲಿ ಬಂದು ಕೂಗಾಡಿದರು. ಕೆಲವರು ಹೆಡ್ ಮೇಷ್ಟ್ರನ್ನು ಬೈದರು. ಹೆಚ್ಚಿನವರು ಮುದುಕನನ್ನೇ ಬೈದರು. ಅವನ ಸೊಂಟ ಹಿಡಿದುಕೊಂಡಿತ್ತು. ನಡುನಡುವೆ ತೂಕಡಿಸುತ್ತಿದ್ದ, ಮಕ್ಕಳು ನಗುತ್ತಿದ್ದವು. ತರಗತಿಯಲ್ಲಿ ಭಿನ್ನರಾಶಿ ಗುಣಾಕಾರಕ್ಕೆ ಬಂದಿತ್ತು. ಕಡ್ಡಿ ಒಮ್ಮೆ ಕೈಯೆತ್ತಿ ಉತ್ತರ ಹೇಳಿದಳು. ತಪ್ಪಾಗಿತ್ತು. ಟೀಚರ್ ಅವಳ ಪಕ್ಕದಲ್ಲಿ ಬಂದು ನಿಂತು ಮತ್ತೆ ಹೇಳಿಕೊಟ್ಟರು.

ಬುಧವಾರ ಹೆಡ್ ಮೇಷ್ಟ್ರು ಮುದುಕನನ್ನು ದಾಟಿ ನೇರವಾಗಿ ತರಗತಿಯೊಳಗೆ ಬಂದರು. ಮುದುಕನ ಕಡೆ ನೋಡಲಿಲ್ಲ.

"ಸ್ವಚ್ಛತಾ ಮಂತ್ರಿಗಳು ಎದ್ದು ಹೊರಗೆ ನಡೀರಿ. ಇದೇ ಕೊನೇ ಸಲ ಹೇಳೋದು."

ಕಡ್ಡಿ ಎದ್ದಳು.

"ರಾಜೀನಾಮೆ, ಸಾರ್," ಎಂದಳು ಕಡ್ಡಿ.

"ಏನು?"

"ಮಂತ್ರಿ ಕೆಲಸಕ್ಕೆ ರಾಜೀನಾಮೆ. ವಿದ್ಯಾರ್ಥಿಯಾಗಿ ಮುಂದುವರೀತೀನಿ."

ಯಾರೋ ಕಿಸಕ್ಕನೆ ನಕ್ಕರು. ಅವಳು ಕೂತಳು. ಹಿಂದಿನ ಬೆಂಚಿನಿಂದ ಇಸ್ತ್ರಿ ಅಕ್ಕನ ಮಗ ಎದ್ದ. "ನಂದೂ ಸಾರ್," ಎಂದು ಹೇಳಿ, ಹೇಳಿದ್ದು ಸರಿಯೋ ತಪ್ಪೋ ಎಂಬಂತೆ ಸುತ್ತ ನೋಡಿ ಕೂತ. ಕೊನೆಮನೆಯ ಹುಡುಗಿಯರು ಏಳಲೇ ಇಲ್ಲ. ಬೆಂಚನ್ನು ಎರಡೂ ಕೈಯಲ್ಲಿ ಗಟ್ಟಿಯಾಗಿ ಹಿಡಿದುಕೊಂಡು ತಲೆ ತಗ್ಗಿಸಿದರು.

ಹೆಡ್ ಮೇಷ್ಟ್ರು ಟೀಚರ್ ಕಡೆ ನೋಡಿದರು. ಟೀಚರ್ ಮೆಲ್ಲಗೆ, "ಪಾಠ ಅರ್ಧದಲ್ಲಿದೆ ಸಾರ್," ಎಂದರು.

ಕಡ್ಡಿ ಬಾಗಿಲ ಕಡೆ ತಿರುಗಿ, "ತಾತ, ನೀನಿನ್ನು ಮನೆಗೆ ಹೋಗು. ನಿನ್ನ ಗೊರಕೆಯಲ್ಲಿ ಲೆಕ್ಕ ಕೇಳಿಸಲ್ಲ," ಎಂದಳು.

ಶೌಚಾಲಯದ ಬೀಗ ಯಾವಾಗ ತೆರೆಯಿತು, ಅದನ್ನು ತೊಳೆಯಲು ಯಾರನ್ನು ತಂದರು, ಮುದುಕನಿಗೆ ಮತ್ತೆ ಕೆಲಸ ಸಿಕ್ಕಿತೋ ಇಲ್ಲವೋ, ಅದೆಲ್ಲ ಆಮೇಲಿನ ಮಾತು. ಆ ಬುಧವಾರ, ಮೊದಲನೇ ಪಿರಿಯಡ್ಡಿನಲ್ಲಿ, ಏಳನೇ ತರಗತಿಯಿಂದ ಹೊರಗೆ ಹೋದವರು ಇಬ್ಬರು. ಮೊದಲು ಹೆಡ್ ಮೇಷ್ಟ್ರು ಹೋದರು. ಅವರ ಹಿಂದೆ, ಜೋಮು ಹಿಡಿದ ಕಾಲನ್ನು ಎಳೆಯುತ್ತ ಮುದುಕ ಹೋದ. ಮಕ್ಕಳು ಯಾರೂ ಹೋಗಲಿಲ್ಲ.